ಗಾಳಿ ತಣುದತ್ತು, ಮಳೆ ಬಿಟ್ಟಿದಿಲ್ಲೆ

ಮೋಡ ಕಂಡರೆ ನವಗೆಲ್ಲ ಮದಾಲು ಜಾಲಿಲಿಪ್ಪ ಅಡಕ್ಕೆದೇ ಚಿಂತೆ, ಅಲ್ಲದೋ ಅಕ್ಕಂದಿರೇ? 2020ರ ದಶಂಬರಲ್ಲಿ ಮಾಂತ್ರ ಎನ್ನ ಕಣ್ಣು ಪೂರಾ ಮೊಬೈಲಿಲೇ ಇತ್ತು. ಮಗಳು ಇಪ್ಪದು ಚಿದಂಬರಲ್ಲಿ. ಬುರೇವಿ ಚಂಡಮಾರುತ ಆ ಹೊಡೆಂಗೇ ಬತ್ತಾ ಇತ್ತು.

ದಶಂಬರ 2ರ ಇರುಳು ಅದು ಶ್ರೀಲಂಕಾದ ಟ್ರಿಂಕೋಮಲಿಯ ಹತ್ತರೆ ನೆಲ ಮುಟ್ಟಿತ್ತು. ಮರದಿನ ಲಂಕೆ ದಾಂಟಿ, ಮನ್ನಾರ್ ಕೊಲ್ಲಿಗೆ ಇಳುದು, ರಾಮೇಶ್ವರ ಇಪ್ಪ ಪಾಂಬನ್ ದ್ವೀಪದ ಹತ್ತರೆ ಬಂತು. ಒಲೆಲಿ ಹಾಲು ಮಡಗಿಕ್ಕಿ ಆನು ಹತ್ತು ಸರ್ತಿ ನಕ್ಷೆ ನೋಡಿದೆ. ಹೊತ್ತೋಪಗ ಶಕ್ತಿ ಕಮ್ಮಿ ಆತು, ಈಗ ಅದು ಚಂಡಮಾರುತ ಅಲ್ಲ, ತೀವ್ರ ವಾಯುಭಾರ ಕುಸಿತ ಹೇಳಿ ಸುದ್ದಿ ಬಂತು. ಎನಗೆ ಜೀವ ಬಂದ ಹಾಂಗಾತು. ಕೂಡ್ಲೇ ಫೋನು ಮಾಡಿದೆ.

"ಇನ್ನು ಹೆದರೆಡ ಮಗಳೇ. ಪಾಂಬನ್ ನಿನ್ನಲ್ಲಿಂದ 200 ಕಿಲೋಮೀಟರಿಂದಲೂ ದೂರ. ಒರಗು."

ಉದಿಯಪ್ಪಗ ಅದರ ಫೋನು. "ಅಮ್ಮಾ, ಮನೆ ಒಳ ಕಾಲು ಮುಂಗುವಷ್ಟು ನೀರು. ಅಕ್ಕಿ ಡಬ್ಬಿಯ ಮಂಚದ ಮೇಲೆ ಮಡಗಿದ್ದೆ."

ಎನ್ನ ಕೈಕಾಲು ತಣ್ಣಂಗಾತು. ನಟರಾಜ ದೇವಸ್ಥಾನದ ಒಳವೂ ನೀರು ತುಂಬಿತ್ತಡ. ಹತ್ತರೆ ಕೊಳ್ಳಿಡಂ ಹೇಳ್ತ ಊರಿಲಿ ಒಂದೇ ದಿನ 36 ಸೆಂಟಿಮೀಟರ್ ಮಳೆ!

ಮತ್ತೆ ಗೊಂತಾತು, ಬಲ ಕಮ್ಮಿ ಆದ್ದು ಗಾಳಿಗೆ ಮಾಂತ್ರ. ಕಡಲಿಂದ ಹೊತ್ತೊಂಡು ಬಂದ ನೀರು ಹಾಂಗೇ ಇತ್ತು. ಮುಂದೆ ಹೋಗದ್ದೆ ದ್ವೀಪದ ಹತ್ತರೆಯೇ ನಿಂದ ಕಾರಣ, ದೂರದ ಊರಿಲಿಯೂ ಮಳೆ ಬಿಡದ್ದೆ ಬಂತು. ಒಲೆ ನಂದುಸಿರೂ ಅಳಗೆ ಕೊದಿತ್ತಾ ಇಪ್ಪ ಹಾಂಗೆ.

ಈಗ "ಕಮ್ಮಿ ಆತು" ಹೇಳಿ ಸುದ್ದಿ ಬಂದರೆ ಆನು "ಒರಗು" ಹೇಳ್ತಿಲ್ಲೆ. "ಗಾಳಿ ಇರಲಿ, ಮಳೆ ಎಷ್ಟು ಇದ್ದಡ? ಅಕ್ಕಿ ಮೇಲೆ ಮಡಗಿದ್ದೆಯೋ?" ಹೇಳಿ ಕೇಳ್ತೆ.