ದೋಣಿಯ ವಿಕ್ರಯ

ಊರು ಬಿಟ್ಟು ಹೊರಡುವ ಗೃಹಸ್ಥನ ಮುಂದೆ ಮನೆಯ ವಸ್ತುಗಳು ತಾವಾಗಿಯೇ ಮೂರು ರಾಶಿಗಳಾಗುತ್ತವೆ. ಜೊತೆಗೆ ಒಯ್ಯತಕ್ಕವು ಒಂದು, ಬಂಧುಬಳಗಕ್ಕೆ ಕೊಡತಕ್ಕವು ಇನ್ನೊಂದು, ಮಾರತಕ್ಕವು ಮತ್ತೊಂದು. ಹಿತ್ತಾಳೆಯ ಹಂಡೆ, ಮರದ ಪೆಟ್ಟಿಗೆ, ಹಳೆಯ ಪಂಚಾಂಗಗಳ ಕಟ್ಟು ಇವೆಲ್ಲವೂ ಸ್ವಲ್ಪ ವಾದವಿವಾದವಾದ ಮೇಲೆ ಒಂದಲ್ಲ ಒಂದು ರಾಶಿಯನ್ನು ಸೇರಿ ಸುಮ್ಮನಾಗುತ್ತವೆ. ಆದರೆ ಯಾವ ರಾಶಿಗೂ ಸೇರಲೊಲ್ಲದ ವಸ್ತುವೊಂದು ಪ್ರತಿಯೊಂದು ಮನೆಯಲ್ಲಿಯೂ ಇದ್ದೇ ಇರುತ್ತದೆ. ಕುಂದಾಪುರದ ಹೊಳೆಬಾಯಿಯ ಕುದ್ರುವೊಂದರಲ್ಲಿ ವಾಸವಾಗಿದ್ದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಅಂಥ ವಸ್ತುವಾಗಿ ಪರಿಣಮಿಸಿದುದು ಅವರ ದೋಣಿ.

ಆ ಸ್ಥಳವನ್ನು ನೋಡಿದವರಿಗೆ ಅಲ್ಲಿ ದೋಣಿಯೆಂದರೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಘಟ್ಟದಿಂದ ಇಳಿದು ಬಂದು, ಪಂಚಗಂಗಾವಳಿಯೆಂಬ ಒಂದೇ ಹೆಸರನ್ನು ಹೊತ್ತು, ಕುಂದಾಪುರಕ್ಕೂ ಗಂಗೊಳ್ಳಿಗೂ ನಡುವೆ ಸಮುದ್ರವನ್ನು ಸೇರುತ್ತವೆ. ಒಂದು ದಡದಲ್ಲಿ ನಿಂತವನಿಗೆ ಇನ್ನೊಂದು ದಡದ ಮನೆಗಳ ದೀಪ ಕಾಣಿಸುತ್ತದೆ. ಆದರೆ ನೆಲದ ಮೇಲೆಯೇ ಹೋಗುತ್ತೇನೆಂದು ಹಟ ಹಿಡಿದರೆ ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಿಕೊಂಡು ಹೋಗಬೇಕು. ಈ ನೀರಿನ ನಡುವೆ ಅಲ್ಲಲ್ಲಿ ತೆಂಗಿನ ತೋಟಗಳನ್ನು ಹೊತ್ತು ನಿಂತಿರುವ ನೆಲದ ತುಣುಕುಗಳೇ ಕುದ್ರುಗಳು. ಕೆಲವಕ್ಕೆ ಸೇತುವೆಯಾಯಿತು. ಉಪಾಧ್ಯಾಯರ ಕುದ್ರುವಿಗೆ ಆಗಲಿಲ್ಲ. ಹತ್ತಾರು ಮನೆಗಳಿಗಾಗಿ ಸೇತುವೆ ಕಟ್ಟುವವರು ಯಾರು?

ದೋಣಿಯನ್ನು ಅವರ ತಂದೆ 1974ರಲ್ಲಿ ಮಾಡಿಸಿದ್ದರು. ಹೆಬ್ಬಲಸಿನ ಹಲಗೆ, 22 ಅಡಿ ಉದ್ದ. ಮೊಳೆಯಿಲ್ಲ, ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಹೊಲಿದ ದೋಣಿ ಅದು. ಹೊಲಿದ ದೋಣಿಗೆ ಒಂದು ಗುಣವುಂಟು. ಮರಳಿನ ದಿಣ್ಣೆಗೆ ತಗಲಿದರೆ ಅದು ಬಿರುಕುಬಿಡುವುದಿಲ್ಲ, ಸ್ವಲ್ಪ ಬಾಗಿಕೊಡುತ್ತದೆ. ಅದಕ್ಕೆ ತಕ್ಕ ಒಂದು ದೋಷವೂ ಉಂಟು. ಹುರಿ ಹಳತಾಗುತ್ತಲೇ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಹೊಲಿಯಬಲ್ಲ ಕೈಗಳೋ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಫೈಬರಿನ ದೋಣಿಗಳು ಬಂದ ಮೇಲೆ ಮರದ ದೋಣಿಯನ್ನು ಹೊಸದಾಗಿ ಮಾಡಿಸುವವರೇ ಅಪರೂಪವಾದರು.

ಅದರ ಆರೈಕೆಯೆಂದರೆ ಮನೆಯಲ್ಲಿ ಒಂದು ಹಸುವನ್ನು ಸಾಕಿದಂತೆ. ಉಪ್ಪುನೀರಿನಲ್ಲಿಯೇ ಬಿಟ್ಟರೆ ಮರಕೊರಕ ಹಿಡಿಯುತ್ತದೆ. ಜನ ಅದನ್ನು ಹುಳುವೆಂದು ಕರೆದರೂ ನಿಜಕ್ಕೆ ಅದು ಚಿಪ್ಪುಮೀನಿನ ಜಾತಿಯ ಪ್ರಾಣಿ. ಹೊರಗೆ ಸೂಜಿಮೊನೆಯಷ್ಟು ತೂತನ್ನು ಮಾಡಿ ಒಳಗೆಲ್ಲ ಸುರಂಗವನ್ನು ತೋಡಿಬಿಡುತ್ತದೆ. ಅದಕ್ಕೆ ಹೆದರಿ ದಡದ ಮೇಲೆಯೇ ಬಿಟ್ಟರೆ ಬಿಸಿಲಿಗೆ ಹಲಗೆ ಕುಗ್ಗಿ ಸಂದುಗಳು ಬಾಯಿಬಿಡುತ್ತವೆ. ಆದುದರಿಂದ ದೋಣಿಯನ್ನು ಆಗಾಗ ಮೇಲೆಳೆದು, ಹೊಟ್ಟೆಯನ್ನು ಕೆರೆದು, ಒಣಗಿಸಿ, ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿದು, ಮತ್ತೆ ನೀರಿಗೆ ನೂಕಬೇಕು. ಉಪಾಧ್ಯಾಯರು ಈ ಕೆಲಸವನ್ನು ಪ್ರತಿವರ್ಷವೂ ಬೇಸಗೆಯ ರಜೆಯ ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದರು. ಶಾಲೆ ತೆರೆದ ದಿನ ಮೊದಲನೆಯ ಸಾಲಿನ ಹುಡುಗರು ಮೂಗು ಮುಚ್ಚಿಕೊಳ್ಳುವುದು ವಾಡಿಕೆಯಾಗಿತ್ತು.

ಅರುವತ್ತೆಂಟನೆಯ ವಯಸ್ಸಿನಲ್ಲಿ ಅವರ ಮೊಣಕಾಲುಗಳೆರಡೂ ಮುಷ್ಕರ ಹೂಡಿದುವು. ದೋಣಿ ಹತ್ತಿ ಇಳಿಯುವುದೆಂದರೆ ಸೊಂಟದಿಂದ ಕೆಳಗೆ ತಾರುಣ್ಯವಿರಬೇಕು. ಮೈಸೂರಿನಲ್ಲಿ ಉದ್ಯೋಗದಲ್ಲಿದ್ದ ಮಗನು ಬಂದು, “ಅಪ್ಪಯ್ಯ, ಒಂದು ರಾತ್ರಿ ಎದೆನೋವು ಬಂದರೆ ಹೊಳೆ ದಾಟಿಸುವವರಾರು?” ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಮನೆಯನ್ನೂ ತೋಟವನ್ನೂ ದಾಯಾದಿಗಳಿಗೆ ಒಪ್ಪಿಸಿ, ದೀಪಾವಳಿಯಾದ ಮೇಲೆ ಘಟ್ಟ ಹತ್ತುವುದೆಂದು ನಿಶ್ಚಯವಾಯಿತು. ಮನೆಯ ವಿಷಯ ಒಂದು ಸಂಜೆಯಲ್ಲಿ ತೀರ್ಮಾನವಾಯಿತು, ದೋಣಿಯ ವಿಷಯಕ್ಕೆ ಎರಡು ತಿಂಗಳು ಹಿಡಿಯಿತು.

ಮೊದಲು ಅವರ ಮನಸ್ಸು ಒಲಿದುದು ದೋಣಿಯನ್ನು ಉಳಿಸಿಕೊಳ್ಳುವ ಕಡೆಗೆ. ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ. ಕರಾವಳಿಯವರು ಊರು ಬಿಟ್ಟುದು ಇಂದು ನಿನ್ನೆಯ ಮಾತಲ್ಲ. ಮದರಾಸಿಗೆ, ಮುಂಬಯಿಗೆ, ಬೆಂಗಳೂರಿಗೆ ಹೋಗಿ ಅಡುಗೆಮನೆಯಲ್ಲಿ ಬೆವರು ಸುರಿಸಿ ಹೋಟೆಲುಗಳನ್ನು ಕಟ್ಟಿದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಈ ಕಡೆಯಿಂದ ಹೋದ ಸಹೋದರರದೇ. ಹಾಗೆ ಹೋದವರಲ್ಲಿ ಊರಿನೊಡನೆ ಒಂದು ಎಳೆಯನ್ನಾದರೂ ಉಳಿಸಿಕೊಳ್ಳದವರು ಕಡಿಮೆ. ಒಬ್ಬರಿಗೆ ಬೀಗ ಹಾಕಿದ ಮನೆ, ಇನ್ನೊಬ್ಬರಿಗೆ ನಾಲ್ಕು ತೆಂಗಿನ ಮರ, ಮತ್ತೊಬ್ಬರಿಗೆ ರಥೋತ್ಸವದ ಒಂದು ದಿನದ ಸೇವೆ. ತಮಗೆ ಆ ಎಳೆ ದೋಣಿಯೇ ಆಗಲಿ ಎಂದು ಉಪಾಧ್ಯಾಯರು ಯೋಚಿಸಿದರು. ಚಪ್ಪರ ಹಾಕಿಸಿ, ಮಡಲು ಹೊದಿಸಿ ಇಟ್ಟರಾಯಿತು. ವರ್ಷಕ್ಕೊಮ್ಮೆ ಬಂದು ಎಣ್ಣೆ ಬಳಿಸಿದರಾಯಿತು.

ಆದರೆ ಲೆಕ್ಕದ ಮೇಷ್ಟರಾದುದರಿಂದ ಅವರು ಕಾಗದವನ್ನು ತೆಗೆದುಕೊಂಡು ಕುಳಿತರು. ಚಪ್ಪರದ ಖರ್ಚು, ಎಳೆಯುವ ಆಳುಗಳ ಕೂಲಿ, ಎಣ್ಣೆ, ಹುರಿ, ಹೊಲಿಗೆಯವನ ಸಂಬಳ ಎಂದು ಬರೆಯುತ್ತ ಹೋದಂತೆ ಹಣದ ಮೊತ್ತಕ್ಕಿಂತ ಬೇರೊಂದು ಸಂಗತಿ ಅವರನ್ನು ತಡೆಯಿತು. ಬೀಗ ಹಾಕಿದ ಮನೆ ಹತ್ತು ವರ್ಷವಾದರೂ ಮನೆಯೇ. ತಿಜೋರಿಯಲ್ಲಿಟ್ಟ ಒಡವೆ ನೂರು ವರ್ಷವಾದರೂ ಒಡವೆಯೇ. ಎತ್ತಿಟ್ಟು ಉಳಿಸುವ ವಸ್ತುಗಳು ಅವು. ದೋಣಿ ಆ ಜಾತಿಗೆ ಸೇರಿದುದಲ್ಲ. ಬಳಸಿದರೆ ಮಾತ್ರ ಅದು ಉಳಿಯುತ್ತದೆ. ಜೋಪಾನವಾಗಿ ಎತ್ತಿಟ್ಟ ದಿನದಿಂದಲೇ ಅದು ಸೌದೆಯಾಗತೊಡಗುತ್ತದೆ.

ಇಷ್ಟರಲ್ಲಿ ಸುದ್ದಿ ಹಬ್ಬಿತು. ಕಡಲತಡಿಯಲ್ಲಿ ಪ್ರವಾಸಿಗರಿಗಾಗಿ ವಸತಿಗೃಹವನ್ನು ಕಟ್ಟಿದ್ದ ಒಬ್ಬರು ಬಂದು ದೋಣಿಯನ್ನು ಸುತ್ತುಹಾಕಿ ನೋಡಿದರು. ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ಬಹಳ ಮೆಚ್ಚಿದರು. ಹುಲ್ಲುಹಾಸಿನ ಮೇಲೆ ಇಟ್ಟು, ವಾರ್ನಿಷು ಹಚ್ಚಿ, ರಾತ್ರಿ ದೀಪದ ಬೆಳಕು ಬೀಳುವಂತೆ ಮಾಡಿಸುವೆವೆಂದೂ, ಪಕ್ಕದಲ್ಲಿ ತಂದೆಯವರ ಹೆಸರಿನ ಫಲಕವನ್ನು ನಿಲ್ಲಿಸುವೆವೆಂದೂ ಹೇಳಿದರು. ಬೆಲೆ 60,000 ರೂಪಾಯಿ. ಮೊಣಕಾಲಿನ ಚಿಕಿತ್ಸೆ ಮುಂದಿರುವ ನಿವೃತ್ತನಿಗೆ ಅದು ತಳ್ಳಿಹಾಕತಕ್ಕ ಮೊತ್ತವಲ್ಲ. ಅಲ್ಲದೆ ತಂದೆಯ ಹೆಸರು! ಉಪಾಧ್ಯಾಯರು ಎರಡು ದಿನಗಳ ಅವಕಾಶವನ್ನು ಕೇಳಿದರು.

ಆ ಎರಡು ದಿನಗಳಲ್ಲಿ ಅವರಿಗೆ ಪತ್ರಿಕೆಯಲ್ಲಿ ಓದಿದ ಸಮಾಚಾರವೊಂದು ನೆನಪಿಗೆ ಬಂದಿತು. ಅಜಂತೆಯ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ನಾರಿನ ಹುರಿಯಿಂದಲೇ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾದಳವನ್ನು ಸೇರಿತ್ತು. ಅಷ್ಟು ಶ್ರಮಪಟ್ಟು ಹೊಲಿದವರು ಅದನ್ನು ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಇಡಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪೋರಬಂದರದಿಂದ ಮಸ್ಕತ್ತಿನ ಕಡೆಗೆ ಸಮುದ್ರಕ್ಕೆ ಬಿಟ್ಟರು. ಹಳೆಯ ವಿದ್ಯೆಗೆ ಮರ್ಯಾದೆ ಮಾಡಬೇಕೆಂದವರಿಗೂ ತೇಲಿಸುವುದಕ್ಕಿಂತ ಹೆಚ್ಚಿನ ಮರ್ಯಾದೆ ತೋಚಲಿಲ್ಲ. ಹಾಗಿರುವಾಗ ಇನ್ನೂ ತೇಲಬಲ್ಲ ದೋಣಿಯನ್ನು ಲಾರಿಯ ಮೇಲೇರಿಸಿ ಹುಲ್ಲಿನ ಮೇಲೆ ಇಳಿಸುವುದೆಂದರೇನು?

ಅಂದಿನ ರಾತ್ರಿ ಅವರ ಪತ್ನಿ ಬಹಳ ಹೊತ್ತು ಸುಮ್ಮನಿದ್ದು, “ಮಗ ಹುಟ್ಟಿದ ರಾತ್ರಿ ದೋಣಿ ನಡೆಸಿದವರು ಯಾರು, ನೆನಪುಂಟೇ?” ಎಂದು ಕೇಳಿದರು. ನೆನಪಿಲ್ಲದೆ ಏನು? ಆಷಾಢದ ನೆರೆ, ಕೆಂಪು ನೀರು, ಮೇಲಿನಿಂದ ತೇಲಿ ಬರುತ್ತಿದ್ದ ಮರದ ದಿಮ್ಮಿಗಳು. ಉಪಾಧ್ಯಾಯರ ಕೈ ನಡುಗಿ ಹುಟ್ಟು ನಿಲ್ಲಲಿಲ್ಲ. ನೆರೆಮನೆಯವನು ಗಳು ಹಿಡಿದು, ಮೂರು ಸಲ ಸುಳಿಗೆ ಸಿಕ್ಕಿ ಮೂರು ಸಲವೂ ಬಿಡಿಸಿಕೊಂಡು, ದಡ ಮುಟ್ಟಿಸಿದ್ದನು. ಅವನು ತೀರಿಕೊಂಡು ಹನ್ನೆರಡು ವರ್ಷಗಳಾದುವು. ಅವನ ಮಗನು ಉಪಾಧ್ಯಾಯರ ಶಿಷ್ಯ. ಹೊಳೆಯಲ್ಲಿ ಬಲೆ ಬೀಸಿ, ಚಿಪ್ಪು ಆರಿಸಿ ಜೀವನ ಮಾಡುವವನು. ತನ್ನ ದೋಣಿ ಲಡ್ಡಾಗಿ ಹೋದ ಮೇಲೆ ಉಪಾಧ್ಯಾಯರ ದೋಣಿಯನ್ನೇ ಕೇಳಿ ಒಯ್ಯುತ್ತಿದ್ದನು. ಮಾರುವ ಸುದ್ದಿ ಅವನಿಗೂ ತಿಳಿದಿತ್ತು. ಅವನು ಒಂದು ಮಾತನ್ನೂ ಆಡಿರಲಿಲ್ಲ.

ಮರುದಿನ ಉಪಾಧ್ಯಾಯರು ಅವನನ್ನು ಕರೆಯಿಸಿ, ದೊಡ್ಡ ಮನಸ್ಸಿನಿಂದ, “ದೋಣಿಯನ್ನು ನೀನೇ ಇಟ್ಟುಕೋ. ಹಣ ಬೇಡ” ಎಂದರು. ಅವನು ಸಂತೋಷಪಡುವನೆಂದು ಅವರು ಎಣಿಸಿದ್ದರು. ಅವನು ತಲೆ ಕೆರೆದುಕೊಂಡನು.

“ಬೇಡ, ಮಾಷ್ಟ್ರೇ. ಸುಮ್ಮನೆ ಕೊಟ್ಟರೆ ಅದು ನಿಮ್ಮ ದೋಣಿಯಾಗಿಯೇ ಇರುತ್ತದೆ. ನನ್ನ ಹತ್ತಿರ 20,000 ಉಂಟು. ಅಷ್ಟಕ್ಕೆ ಕೊಡುವುದಾದರೆ ಕೊಡಿ.”

“ಆಗಲಿ. ಆದರೆ ಒಂದು ಮಾತು, ದೋಣಿಯನ್ನು ಇದ್ದ ಹಾಗೆಯೇ ನೋಡಿಕೊಳ್ಳಬೇಕು.”

“ಅದೂ ಆಗುವುದಿಲ್ಲ, ಮಾಷ್ಟ್ರೇ. ಹಿಂದಿನ ಹೊಲಿಗೆ ಬಿಚ್ಚಿ, ಬೋಲ್ಟು ಹಾಕಿ, ಹಲಗೆ ಕೂರಿಸಬೇಕು. ಸಣ್ಣದೊಂದು ಯಂತ್ರ ಇಡುತ್ತೇನೆ. ಹೊಳೆಬಾಯಿಯ ತನಕ ಹುಟ್ಟು ಹಾಕಿ ಹೋದರೆ ಮೀನು ಬೇರೆಯವರ ಪಾಲು.”

ಉಪಾಧ್ಯಾಯರಿಗೆ ಸಿಟ್ಟು ಬಂದಿತು. ತಂದೆ ಮುಂದೆ ನಿಂತು ಹಾಕಿಸಿದ ಹೊಲಿಗೆಗೆ ಬೋಲ್ಟೇ? ಅರುವತ್ತು ಸಾವಿರವನ್ನು ಬಿಟ್ಟು ಇವನಿಗೆ ಕೊಡಹೊರಟರೆ ಇವನದೇ ಷರತ್ತೇ? “ಯೋಚಿಸಿ ಹೇಳುತ್ತೇನೆ” ಎಂದು ಅವನನ್ನು ಕಳುಹಿಸಿ, ಕೋಲೂರಿಕೊಂಡು ಕಡವಿಗೆ ಹೋಗಿ ಕುಳಿತರು. ಇಳಿತದ ಹೊತ್ತು. ದೋಣಿ ಅರ್ಧ ಕೆಸರಿನಲ್ಲಿಯೂ ಅರ್ಧ ನೀರಿನಲ್ಲಿಯೂ ಓರೆಯಾಗಿ ಮಲಗಿತ್ತು. ನೋಡುತ್ತ ಕುಳಿತವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಆ ಹೊಲಿಗೆಯಲ್ಲಿ ತಂದೆಯ ಕಾಲದ ಹುರಿ ಒಂದಂಗುಲವೂ ಉಳಿದಿರಲಿಲ್ಲ. ಎಷ್ಟು ಸಲ ಬಿಚ್ಚಿ ಎಷ್ಟು ಸಲ ಹೊಲಿದಿದ್ದರೋ! ಬೇರೆಯವರ ದೋಣಿಗಳು ಫೈಬರಿಗೆ ತಿರುಗಿದಾಗ ಇದು ಉಳಿದುಬಂದುದು ಬದಲಾಗದೆ ನಿಂತುದರಿಂದಲ್ಲ, ಬದಲಾಗುತ್ತಲೇ ಬಂದುದರಿಂದ.

ಇನ್ನೊಂದು ವಿಷಯವೂ ತಿಳಿಯಿತು, ಅದು ಅಷ್ಟು ಹಿತವಾಗಿರಲಿಲ್ಲ. ಚಪ್ಪರದಲ್ಲಿ ಇಡುವುದು, ಫಲಕದೊಡನೆ ಕೊಡುವುದು, ಧರ್ಮಕ್ಕೆ ಕೊಡುವುದು, ಷರತ್ತಿನ ಮೇಲೆ ಕೊಡುವುದು ಇವು ನಾಲ್ಕೂ ಬೇರೆ ಬೇರೆ ದಾರಿಗಳೆಂದು ಅವರು ತಿಳಿದಿದ್ದರು. ನಿಜವಾಗಿ ನಾಲ್ಕೂ ಒಂದೇ. ಕೈಬಿಡದೆ ಇರುವುದಕ್ಕೆ ನಾಲ್ಕು ನೆಪಗಳು. ಮಾರಾಟವೆಂಬ ಮಾತು ಸಭ್ಯರ ಕಿವಿಗೆ ಸ್ವಲ್ಪ ಒರಟಾಗಿ ಕೇಳುತ್ತದೆ, ದಾನವೆಂಬುದು ಇಂಪಾಗಿರುತ್ತದೆ. ಆದರೆ ದಾನ ಕೊಟ್ಟವನು ಮತ್ತೆ ಮತ್ತೆ ಬಂದು ನೋಡುತ್ತಾನೆ, ಕೇಳುತ್ತಾನೆ, ನೊಂದುಕೊಳ್ಳುತ್ತಾನೆ; ಪಡೆದವನು ತಲೆ ತಗ್ಗಿಸಿಕೊಂಡೇ ಇರಬೇಕಾಗುತ್ತದೆ. ಕ್ರಯ ತೆತ್ತವನು ಮಾತ್ರ ನೆಟ್ಟಗೆ ನಿಂತು ತನ್ನ ದೋಣಿಗೆ ತಾನು ಬೋಲ್ಟು ಹಾಕಬಲ್ಲನು. ಓದುಬರಹ ಕಲಿಸಿದ ಶಿಷ್ಯನು ಇದನ್ನು ಮೊದಲೇ ಅರಿತಿದ್ದನು. ಗುರುಗಳಿಗೆ ತಿಳಿಯಲು ಎರಡು ತಿಂಗಳುಗಳಾದುವು.

ಸಂಜೆ ಅವರು 20,000 ರೂಪಾಯಿಗಳನ್ನು ಎಣಿಸಿಕೊಂಡರು. ಎರಡು ಸಲ ಎಣಿಸಿದರು, ಏಕೆಂದರೆ ಅವನು ಹಾಗೆ ಬಯಸಿದನು. ವಸತಿಗೃಹದವರಿಗೆ ವಿನಯದಿಂದ ಬೇಡವೆಂದು ತಿಳಿಸಿದರು. ಮಗನಿಗೆ ಬೆಲೆಯನ್ನು ಹೇಳಿದಾಗ ಅವನು ದೂರವಾಣಿಯ ಆ ಕಡೆ ಸ್ವಲ್ಪ ಹೊತ್ತು ಮೌನವಾಗಿದ್ದನು. ನಲವತ್ತು ಸಾವಿರದ ನಷ್ಟ ನಷ್ಟವೇ. ಅದಕ್ಕೆ ಯಾವ ವೇದಾಂತವನ್ನೂ ಹೇಳಿ ಅವರು ಸಮಾಧಾನ ಮಾಡಹೋಗಲಿಲ್ಲ.

ಹೊರಡುವ ದಿನ ಭರತ ಏರುವ ಹೊತ್ತಿಗೆ ಪೆಟ್ಟಿಗೆಗಳನ್ನು ದೋಣಿಗೆ ಇಳಿಸಲಾಯಿತು. ಹಿಂಭಾಗದಲ್ಲಿ ಹೊಸ ಹಲಗೆ, ಹೊಳೆಯುವ ಬೋಲ್ಟುಗಳು. ಯಂತ್ರ ಇನ್ನೂ ಬಂದಿರಲಿಲ್ಲ. ಉಪಾಧ್ಯಾಯರು ಹತ್ತುತ್ತಲೇ ಅಭ್ಯಾಸಬಲದಿಂದ ಹುಟ್ಟಿಗೆ ಕೈ ನೀಡಿದರು. ಶಿಷ್ಯನು ನಕ್ಕು, “ನಡುವೆ ಕುಳಿತುಕೊಳ್ಳಿ, ಮಾಷ್ಟ್ರೇ” ಎಂದನು. ಐವತ್ತು ವರ್ಷಗಳ ಬಳಕೆಯ ದೋಣಿಯಲ್ಲಿ ನಡುವೆ ಕುಳಿತುದು ಅವರಿಗೆ ಅದೇ ಮೊದಲು. ಅಲ್ಲಿಂದ ಹೊಳೆ ಬೇರೆಯಾಗಿ ಕಂಡಿತು, ಹೆಚ್ಚು ಅಗಲವಾಗಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಅವರು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದರು. ಆಚೆಯ ದಡದಲ್ಲಿ ಇಳಿದು, ಜೇಬಿನಿಂದ ಹತ್ತು ರೂಪಾಯಿಯನ್ನು ತೆಗೆದು, ಹಿಂಜರಿಯುತ್ತಲೇ ಮುಂದೆ ಹಿಡಿದರು. ಶಿಷ್ಯನು ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡನು. ಬೇಡವೆನ್ನಲಿಲ್ಲ. ಅನಂತರ ಗಳುವಿನಿಂದ ದಡವನ್ನು ಒತ್ತಿ, ಕುದ್ರುವಿನ ಕಡೆಗಲ್ಲ, ಹೊಳೆಬಾಯಿಯ ಕಡೆಗೆ ದೋಣಿಯನ್ನು ತಿರುಗಿಸಿದನು. ಮೀನಿನ ಹೊತ್ತು ಮೀರುತ್ತಿತ್ತು.