ಸಿಂಹಾಚಲದ ಘಾಟಿಯಲ್ಲಿ ಟಿಣಿಟಿಣಿ

ಸ್ಟೀರಿಯೋ ಜೋರು ಮಾಡಿದರೆ ಎಂಜಿನ್ ಸದ್ದು ಕೇಳುವುದಿಲ್ಲ. ಸಿಂಹಾಚಲದ ಘಾಟಿ ಏರುವಾಗ ನಾನು ಮಾಡಿದ್ದು ಅದನ್ನೇ. ಅಪ್ಪನ 1996ರ ಕಾರ್ಬ್ಯುರೇಟರ್ ಎಸ್ಟೀಮ್. ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸಿದ್ದೆ, ಟೈಮಿಂಗ್ ಅಡ್ವಾನ್ಸ್ ಮಾಡಿದ್ದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಡಬ್ಬಿಯೊಳಗೆ ಬೋಲ್ಟು ಕುಲುಕಿದಂಥ ಟಿಣಿಟಿಣಿ. ತಿಂಗಳೊಳಗೆ ಮೂರನೇ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿಯಿತು.

ಅಪ್ಪನಿಗೆ ಹೇಳಲಿಲ್ಲ.

ಗಾಜುವಾಕದ ಆಟೋನಗರದಲ್ಲಿ ಮೇಸ್ತ್ರಿ ಆ ಪಿಸ್ಟನ್ ನನ್ನ ಕೈಗಿಟ್ಟು, ಇದು ಒಂದೇ ದಿನದಲ್ಲಿ ಆಗಿದ್ದಲ್ಲ ಸಾರ್, ಮೊದಲೇ ಕೂಗಿರುತ್ತೆ ಎಂದು ತೆಲುಗಿನಲ್ಲಿ ಅಂದರು. ಎಂಟೆಕ್ ಓದಿದವನಿಗೆ ಗೊತ್ತಿಲ್ಲದ್ದೇನಲ್ಲ. ಸ್ಪಾರ್ಕಿನ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿದರೆ ಅದೇ ನಾಕಿಂಗ್. ವಿಶಾಖಪಟ್ಟಣದ ಸೆಕೆ, ಆಗಿನ 91 ಆಕ್ಟೇನಿನ ಪೆಟ್ರೋಲು, ಅದರ ಮೇಲೆ ನನ್ನ ಕೈಚಳಕ.

ಎಂಜಿನ್ ಮತ್ತೆ ಕಟ್ಟಿಸಿದ ಮೇಲೆ ನಾಕ್ ಸೆನ್ಸರ್ ತರಿಸಿದೆ. ನಡುವೆ ತೂತಿರುವ ಉದ್ದಿನವಡೆಯಂಥದ್ದು. ಒಳಗಿನ ಪೀಜೋ ಹರಳು ಅದುರಿದರೆ ವೋಲ್ಟೇಜ್ ಹುಟ್ಟುತ್ತದೆ. ಸಿಲಿಂಡರಿನ ಬೋರ್ 74 ಮಿಲಿಮೀಟರ್, ಹಾಗಾಗಿ ನಾಕ್ ಸದ್ದು ಸುಮಾರು 7.7 ಕಿಲೋಹರ್ಟ್ಸ್. ಮೇಸ್ತ್ರಿಗೆ ಈ ಲೆಕ್ಕ ಬೇಕಿರಲಿಲ್ಲ. ಎರಡು, ಮೂರನೇ ಸಿಲಿಂಡರುಗಳ ನಡುವೆ ಬ್ಲಾಕಿನ ಮೇಲಿನ ತುಕ್ಕು, ಬಣ್ಣ ಎಲ್ಲ ಕೆರೆದು ಹೊಳೆಯುವ ಲೋಹ ತೆಗೆದರು. ನಾನು ಹಾಕಿದ್ದ ಸ್ಪ್ರಿಂಗ್ ವಾಷರನ್ನು ಕಿತ್ತು ಎಸೆದರು. "ಮಧ್ಯಲೋ ಏಮೀ ವದ್ದು ಸಾರ್." ಬೋಲ್ಟಿಗೆ 20 ನ್ಯೂಟನ್ ಮೀಟರ್ ಬಿಗಿ. ಸಡಿಲವಾದರೆ ಸೆನ್ಸರ್ ಕಿವುಡು.

ಈ ಕಾರಿಗೆ ಕಂಪ್ಯೂಟರ್ ಇಲ್ಲ. ನಾಕ್ ಆದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಹಿಂದೆ ತರುವುದು ನನ್ನ ಕೆಲಸ. ಟ್ಯಾಪೆಟ್ ಸದ್ದಿಗೂ ದೀಪ ಮಿನುಗುತ್ತಿತ್ತು. ದೀಪ ಹತ್ತದೇ ಇರುವವರೆಗೂ ಮಿತಿ ಏರಿಸುತ್ತಾ ಹೋದೆ. (ಆಫೀಸಿನಲ್ಲಿ ನಡುರಾತ್ರಿಯ ಸರ್ವರ್ ಅಲರ್ಟುಗಳಿಗೂ ನಾವು ಮಾಡುವುದು ಇದನ್ನೇ.) ಮೇಸ್ತ್ರಿ ನಕ್ಕು, ಹಾಗಾದರೆ ಹಾಕಿಸಿದ್ದೇಕೆ ಅಂದರು.

ಲೋಡ್ ಬೀಳದೆ ನಾಕ್ ಬರುವುದಿಲ್ಲ. ಆದ್ದರಿಂದ ಮತ್ತೆ ಸಿಂಹಾಚಲದ ಘಾಟಿ. ಸೆನ್ಸರಿನ ಸದ್ದನ್ನು ಹೆಡ್‌ಫೋನಿಗೆ ಕೊಟ್ಟು ಪಕ್ಕದಲ್ಲಿ ಅವರನ್ನು ಕೂರಿಸಿಕೊಂಡೆ. ತಿರುವಿನಲ್ಲಿ ಅವರು ಬೆರಳೆತ್ತಿದರು, ದೀಪ ಹತ್ತಲಿಲ್ಲ. ನಿಲ್ಲಿಸಿ ಮಿತಿ ಇಳಿಸಿದೆ. ಮೂರನೇ ಸಲಕ್ಕೆ ಬೆರಳೂ ದೀಪವೂ ಒಟ್ಟಿಗೆ. ಆಮೇಲೆ ಟೈಮಿಂಗ್ ಎರಡು ಡಿಗ್ರಿ ಹಿಂದೆ ತಂದೆವು, ಬೆರಳು ಏಳಲಿಲ್ಲ. ಕಾರಿನ ಎಳೆತವೂ ಸ್ವಲ್ಪ ತಗ್ಗಿತು.

ಬೆಟ್ಟದ ಮೇಲಿಂದಲೇ ಅಪ್ಪನಿಗೆ ಫೋನ್ ಮಾಡಿ ಪಿಸ್ಟನ್ ವಿಷಯ ಹೇಳಿದೆ. "ಏನು? ಸ್ವಲ್ಪ ಜೋರಾಗಿ ಹೇಳೋ," ಅಂದರು. ಇನ್ನೊಮ್ಮೆ ಮೊದಲಿನಿಂದ ಹೇಳಿದೆ.