ಡಿಪ್ರಿಸಿಯೇಷನ್ ಅಲ್ಲ, ಡಿಪ್ರಿಕೇಷನ್ (ಭಾಗ 7)

ಹೋದ ಭಾನುವಾರ ಅಕ್ಕ ಬೆಂಗಳೂರಿಂದ ಬಂದಿದ್ಲು. ರಜೆಯಲ್ಲೂ ಲ್ಯಾಪ್‌ಟಾಪ್ ಬಿಟ್ಟಿರಲಿಲ್ಲ. ಸ್ಕ್ರೀನ್ ತುಂಬಾ "ಡಿಪ್ರಿಕೇಟೆಡ್" ಅಂತ ವಾರ್ನಿಂಗ್. ನಾನು ಬಿಕಾಂ ಅಲ್ವಾ, "ಎಷ್ಟು ಪರ್ಸೆಂಟ್ ಅಕ್ಕಾ? ಸ್ಟ್ರೈಟ್ ಲೈನ್ ಮೆಥಡ್ಡಾ?" ಅಂದೆ. ಬಿದ್ದು ಬಿದ್ದು ನಕ್ಕಳು.

"ನೀನು ಹೇಳ್ತಿರೋದು ಸವಕಳಿ ಕಣೋ. ಇದು ಬೇರೆ. ಇವತ್ತು ಓಡುತ್ತೆ, ಮುಂದೆ ತೆಗೀತೀವಿ, ಈಗಿಂದಲೇ ಬಿಟ್ಬಿಡಿ ಅಂತ ಮುಂಚೆ ಹೇಳೋದು."

ನಿಮಗೂ ಹೇಳ್ತೀನಿ ಕೇಳಿ. ಜಾವಾ ಪ್ರೋಗ್ರಾಂ ನೇರವಾಗಿ ಕಂಪ್ಯೂಟರ್ ಮೇಲೆ ಓಡಲ್ಲ. ಮಧ್ಯೆ ಜಾವಾ ವರ್ಚುವಲ್ ಮೆಷಿನ್ ಇರುತ್ತೆ, ಸಾಫ್ಟ್‌ವೇರಲ್ಲೇ ಕಟ್ಟಿದ ಇನ್ನೊಂದು ಯಂತ್ರ. ಯಾರಿಗೆ ಎಷ್ಟು ಮೆಮೊರಿ ಕೊಡಬೇಕು, ಯಾವಾಗ ವಾಪಸ್ ತಗೋಬೇಕು ಅನ್ನೋ ಲೆಕ್ಕ ಎಲ್ಲ ಅದರದ್ದೇ. ಆದ್ರೆ ಆ ಲೆಕ್ಕದ ಹೊರಗೆ ಮೆಮೊರಿ ಮುಟ್ಟೋಕೆ 2002ರಿಂದ ಒಂದು ಹಿಂಬಾಗಿಲಿದೆ. ಹೆಸರೇ 'ಅನ್‌ಸೇಫ್'! ಜಾವಾದ ಒಳಗಿನ ಕೆಲಸಕ್ಕೆ ಅಂತ ಮಾಡಿದ್ದು. ವೇಗ ಸಿಗುತ್ತೆ ಅಂತ ಹೊರಗಿನವರೂ ಬಳಸಿದ್ರು. ಇಲ್ಲಿ ತಗೊಂಡ ಜಾಗ ನಾವೇ ವಾಪಸ್ ಕೊಡಬೇಕು. ಮರೆತರೆ ಮೆಮೊರಿ ಸೋರುತ್ತೆ. ಕೊಟ್ಟ ಮೇಲೂ ಮುಟ್ಟಿದ್ರೆ ಇಡೀ ವರ್ಚುವಲ್ ಮೆಷಿನ್ನೇ ಕ್ರ್ಯಾಶ್ ಆಗಬಹುದು.

ಈಗ ಆ ಬಾಗಿಲು ಮುಚ್ತಿದ್ದಾರೆ. ನನಗೆ ಇಷ್ಟ ಆಗಿದ್ದು ಮುಚ್ಚುವ ರೀತಿ. ಮೊದಲು ಬದಲಿ ದಾರಿ ಮಾಡಿಕೊಟ್ರು: ಒಂದು 2017ರ ಜಾವಾ 9ರಲ್ಲಿ, ಇನ್ನೊಂದು 2024ರ ಮಾರ್ಚ್‌ನಲ್ಲಿ ಬಂದ ಜಾವಾ 22ರಲ್ಲಿ. ಅದಾದ ಮೇಲೇ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಾವಾ 23. ಅದರಲ್ಲಿ, 87 ಮೆಥಡ್‌ಗಳ ಪೈಕಿ ಮೆಮೊರಿಗೆ ಸೇರಿದ 79ನ್ನು ತೆಗೀತೀವಿ ಅಂತ ಹೇಳಿದ್ರು. ಕೋಡ್ ಕಂಪೈಲ್ ಮಾಡುವಾಗ ವಾರ್ನಿಂಗ್. 2025ರ ಮಾರ್ಚ್‌ನ ಜಾವಾ 24ರಲ್ಲಿ ಪ್ರೋಗ್ರಾಂ ಓಡುವಾಗಲೇ ವಾರ್ನಿಂಗ್. ಮುಂದಿನ ಹಂತ ಎರರ್. ಪೂರ್ತಿ ತೆಗೆಯೋದು ಎಲ್ಲಕ್ಕಿಂತ ಕೊನೆಗೆ.

ಅಪ್ಪ ಪಕ್ಕದಲ್ಲೇ ಕೂತು ಕೇಳ್ತಿದ್ರು. 19 ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ಶನಿವಾರ ಸಂಜೆ ಮಾಲೀಕರು, "ಸೋಮವಾರದಿಂದ ಲೆಕ್ಕ ಕಂಪ್ಯೂಟರಲ್ಲಿ. ನೀವು ಬರೋದು ಬೇಡ" ಅಂದ್ರಂತೆ. ಅಷ್ಟೇ.

"ಮೆಷಿನ್ನಿಗೆ ಇಷ್ಟು ಸಲ ಹೇಳಿ ತೆಗೀತಾರಾ?" ಅಂದ್ರು ಅಪ್ಪ.

ಅಕ್ಕ ಸುಮ್ಮನಾದ್ಲು. ನಾನೂ.

ಕಂಪ್ಯೂಟರ್ ಬಂದಿದ್ದು ತಪ್ಪು ಅಂತ ಅಪ್ಪ ಯಾವತ್ತೂ ಹೇಳಿಲ್ಲ. "ಆರು ತಿಂಗಳು ಮುಂಚೆ ಹೇಳಿದ್ರೆ ನಾನೂ ಕಲೀತಿದ್ದೆ" ಅಂತ ಅವತ್ತು ಮೊದಲ ಸಲ ಅಂದ್ರು. ಏಳು ವರ್ಷ ಒಂದೇ ಮನೇಲಿದ್ದು ನಾನು ಅದನ್ನ ಕೇಳಿರಲೇ ಇಲ್ಲ.

ಸೋಮವಾರದಿಂದ ಸಂಜೆ ಅಪ್ಪನಿಗೆ ಟ್ಯಾಲಿ ಕಲಿಸ್ತಿದ್ದೀನಿ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ನನಗಿಂತ ಮುಂಚೆ ಅವರೇ ಹೇಳ್ತಾರೆ. ಮೌಸ್ ಮಾತ್ರ ಇನ್ನೂ ಮಾತು ಕೇಳಲ್ಲ 🙂

ನಾಳೆ ನಮ್ಮಲ್ಲೂ ಯಾರಾದ್ರೂ ಆ ಮಾಲೀಕರ ಕುರ್ಚಿಯಲ್ಲಿ ಕೂರ್ತೀವಿ. ಹಳೇದನ್ನ ಬದಲಾಯಿಸೋಣ, ಬೇಡ ಅನ್ನಲ್ಲ. ಆದ್ರೆ ಮುಂಚೆ ಹೇಳೋಣ.

ನಿಮ್ಮ ಮನೇಲೂ ಹೀಗೆ ಆಗಿದ್ಯಾ? ಕಾಮೆಂಟಲ್ಲಿ ಬರೀರಿ.

#ಬಿಕಾಂಡೈರಿ #ಅಪ್ಪ